ಸಾನ್ ಕಲ್ಲಿಸ್ತೊದ ತಪ್ಪಕ್ಷರಗಳು

ರೋಮಿನಲ್ಲಿ ಐದು ದಿನ ಇದ್ದೆವು. ನಾಲ್ಕು ದಿನದ ಕಥೆ ಎಲ್ಲರೂ ಬರೆದದ್ದೇ, ಬಿಡಿ. ನನ್ನನ್ನು ಇನ್ನೂ ಬಿಡದಿರುವುದು ಹಳೆಯ ಆಪ್ಪಿಯಾ ರಸ್ತೆಯ ಸಾನ್ ಕಲ್ಲಿಸ್ತೊ ಕ್ಯಾಟಕೂಂಬಿನ, ಅಂದರೆ ಹಳೆಯ ಕ್ರೈಸ್ತರ ನೆಲದಡಿಯ ಸಮಾಧಿ ಸುರಂಗಗಳ, ಒಂದು ಕಲ್ಲು.

ಬುಧವಾರ ಮಾತ್ರ ಹೋಗಬೇಡಿ, ಅಂದು ರಜೆ. ತೆರೆದಿರುತ್ತದೆ ಎಂದು ನಾವಿದ್ದ ಹೋಟೆಲಿನವರು ಹೇಳಿದ್ದರು. ಸುಡುಬಿಸಿಲಲ್ಲಿ ಹೋಗಿ, ಮುಚ್ಚಿದ ಗೇಟು ನೋಡಿ ವಾಪಸ್ ಬಂದೆವು. ಆ ಸಿಟ್ಟು ಇನ್ನೂ ಇಳಿದಿಲ್ಲ. ಬೇಸಿಗೆಯಾದರೂ ಒಂದು ಸ್ವೆಟರ್ ಇರಲಿ, ಕೆಳಗೆ ಚಳಿ.

ಮರುದಿನ ಮೆಟ್ಟಿಲಿಳಿದು, ಪೋಪರನ್ನು ಹೂಳಿದ್ದ ಕೋಣೆಗೆ ಹೋದೆವು. 1854ರಲ್ಲಿ ಪುರಾತತ್ವಜ್ಞ ದೆ ರೊಸ್ಸಿ ಹುಡುಕಿ ತೆಗೆದ ಜಾಗವಿದು. 3ನೇ ಶತಮಾನದ ಪೋಪರ ಹೆಸರುಗಳು ಗ್ರೀಕ್ ಅಕ್ಷರದಲ್ಲಿವೆ! ರೋಮಿನಲ್ಲಿ ಗ್ರೀಕ್ ಯಾಕೆ ಎಂದು ಗೈಡ್ ಪಾದ್ರಿಯನ್ನು ಕೇಳಿದೆ.

"ಆಗ ಇಲ್ಲಿಯ ಚರ್ಚು ಪ್ರಾರ್ಥಿಸುತ್ತಿದ್ದುದೇ ಗ್ರೀಕಿನಲ್ಲಿ. ಲ್ಯಾಟಿನ್ ನಿಧಾನಕ್ಕೆ ಬಂತು" ಎಂದರು.

ಅದೇ ಕೋಣೆಯಲ್ಲಿ 4ನೇ ಶತಮಾನದ ಪೋಪ್ ದಾಮಸುಸ್ ಬರೆಸಿದ ಲ್ಯಾಟಿನ್ ಪದ್ಯವಿದೆ. ನಾನೂ ಇಲ್ಲೇ ಮಲಗಬೇಕೆಂದಿದ್ದೆ, ಆದರೆ ಪುಣ್ಯವಂತರ ಬೂದಿ ಕದಡಲು ಹೆದರಿದೆ ಎನ್ನುತ್ತದೆ ಅದು. ಅಂಥ ದೊಡ್ಡ ಹುದ್ದೆಯವರ ಮಾತು ಇಷ್ಟು ಮೆತ್ತಗಿದೆ, ಅಲ್ವಾ?

ಆಮೇಲೆ ಪೋಪ್ ಯೂಸೆಬಿಯುಸ್ ಸಮಾಧಿಯ ಕೋಣೆ. ಅವರ ಬಗ್ಗೆಯೂ ದಾಮಸುಸ್ ಪದ್ಯ ಬರೆದಿದ್ದರು. ಕ್ರೈಸ್ತರ ಮೇಲಿನ ಕಿರುಕುಳಕ್ಕೆ ಹೆದರಿ ನಂಬಿಕೆ ಬಿಟ್ಟಿದ್ದವರಿಗೆ ಪಶ್ಚಾತ್ತಾಪಪಡಲೂ ಬಿಡಬಾರದೆಂದು ಹೆರಾಕ್ಲಿಯುಸ್ ಎಂಬವನು ಹಟ ಹಿಡಿದ. ಯೂಸೆಬಿಯುಸ್ ಮಾತ್ರ ಹಾಗೆ ಬಿಟ್ಟವರಿಗೆ ತಮ್ಮ ತಪ್ಪಿಗಾಗಿ ಅಳಲು ಕಲಿಸಿದರು ಎಂಬುದು ಅದರ ಸಾರ. ಫಿಲೊಕಾಲುಸ್ ಎಂಬ ಕುಶಲಿ ಕೆತ್ತಿದ ಮೂಲ ಕಲ್ಲು ಒಡೆದುಹೋಯಿತು. 6ನೇ ಶತಮಾನದಲ್ಲಿ ಯಾರೋ ಆ ಪದ್ಯವನ್ನು ಮತ್ತೆ ಕೆತ್ತಿದರು. ಹಿಂಬದಿಯಲ್ಲಿ ಚಕ್ರವರ್ತಿ ಕಾರಕಲ್ಲನ ಶಾಸನವಿದ್ದ ಹಳೆಯ ಕಲ್ಲನ್ನೇ ಬಳಸಿದರು. ಆದರೆ ಅಲ್ಲಲ್ಲಿ ಅಕ್ಷರ ತಪ್ಪಿದೆ.

"ಅಷ್ಟು ಹೊತ್ತಿಗೆ ಬೀದಿಯ ಲ್ಯಾಟಿನ್ ಪುಸ್ತಕದ ಲ್ಯಾಟಿನ್‌ನಿಂದ ದೂರ ಸರಿದಿತ್ತು. ಕೆತ್ತಿದವನಿಗೆ ಓದಿದ್ದೆಲ್ಲ ಅರ್ಥವಾಗಿರಲಿಕ್ಕಿಲ್ಲ" ಎಂದರು ಪಾದ್ರಿ.

ಪಕ್ಕದ ಅಂಚುಗಳಲ್ಲಿ ಮೇಲಿನಿಂದ ಕೆಳಕ್ಕೆ ಫಿಲೊಕಾಲುಸ್‌ನ ಹೆಸರೂ ಇದೆ. ಮೂಲದ ಕುಶಲಿಯ ಸಹಿಯನ್ನೂ ಮತ್ತೆ ಕೆತ್ತಿದವನು ಬಿಡದೆ ಕೆತ್ತಿದ್ದ. ತನ್ನ ಹೆಸರು ಎಲ್ಲೂ ಇಲ್ಲ. ಹಿಂದಿನ ಗುಂಪು ಬಾಗಿಲಿಗೆ ಬರುವವರೆಗೂ ನಾನು ಅಲ್ಲೇ ನಿಂತಿದ್ದೆ.