ನಾಲ್ಕು ಮುಕ್ಕಾಲು ಗಂಟೆಯ ರಾತ್ರಿ

2016ರ ಜೂನ್ ತಿಂಗಳಲ್ಲಿ ರಂಝಾನ್ ಆರಂಭವಾದಾಗ, ನಾನು ಮಂಗಳೂರಿನ ಬಂದರಿನಿಂದ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊರಿನಲ್ಲಿ ಏಳು ಗಂಟೆಯ ಹೊತ್ತಿಗೆ ಸೂರ್ಯಾಸ್ತದ ಮಗ್ರಿಬ್ ನಮಾಝಿನ ಬಾಂಗ್ ಕೇಳಿದರೆ ಮುಂಜಾನೆಯ ನಮಾಝಾದ ಸುಬಹಿಗೆ ಹತ್ತು ಗಂಟೆಯಷ್ಟು ರಾತ್ರಿ ಉಳಿದಿರುತ್ತದೆ. ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತಕ್ಕೆ. ಜೂನ್‌ನಲ್ಲಿ ಈ ಅಕ್ಷಾಂಶದ ಆಕಾಶ ಪೂರ್ತಿ ಕಪ್ಪಾಗುವುದೇ ಇಲ್ಲವಾದ್ದರಿಂದ ಸುಬಹಿಯ ವೇಳೆಯನ್ನು ಮಸೀದಿಗಳು ಲೆಕ್ಕ ಹಾಕಿ ನಿಗದಿ ಮಾಡುತ್ತವೆ. ನಮ್ಮ ಪಟ್ಟಿಯಲ್ಲಿ ಅದು ಎರಡೂ ಮುಕ್ಕಾಲರ ಆಸುಪಾಸಿನಲ್ಲಿತ್ತು. ಹತ್ತೊಂಬತ್ತು ಗಂಟೆಯ ಉಪವಾಸಕ್ಕೆ ನಾನು ಹೆದರಿದ್ದೆನಾದರೂ, ನಿಜವಾಗಿ ಕಷ್ಟಕ್ಕೆ ಸಿಲುಕಿಸಿದ್ದು ಉಳಿದ ಆ ನಾಲ್ಕು ಮುಕ್ಕಾಲು ಗಂಟೆ.

ಊರಿನಲ್ಲಿ ರಂಝಾನಿನ ಸುನ್ನತ್‌ಗಳನ್ನು, ಅಂದರೆ ಪ್ರವಾದಿಯವರು ನಡೆದು ತೋರಿದ, ಕಡ್ಡಾಯವಲ್ಲದ ಆಚರಣೆಗಳನ್ನು, ನಾನು ಎಂದೂ ಎಣಿಸಿದವನಲ್ಲ. ಖರ್ಜೂರದಿಂದ ಉಪವಾಸ ತೊರೆದು, ಮಗ್ರಿಬ್ ಮುಗಿಸಿ, ರವೆಯ ಗಂಜಿ, ಸಮೋಸಗಳ ಮುಂದೆ ಕುಳಿತು, ರಾತ್ರಿಯ ಇಶಾ ನಮಾಝಿನ ನಂತರ ರಂಝಾನಿನ ವಿಶೇಷ ನಮಾಝಾದ ತರಾವೀಹ್‌ಗೆ ಇಪ್ಪತ್ತು ರಕಅತ್ (ನಮಾಝಿನ ಆವರ್ತನೆ) ನಿಂತು, ನಾಳಿನ ಉಪವಾಸದ ನಿಯ್ಯತ್ (ಸಂಕಲ್ಪ) ಹೇಳಿ, ಮಳೆಯಲ್ಲಿ ಮನೆಗೆ ನಡೆದು ಮಲಗಿದರೆ, ಸುಬಹಿಗೆ ಮುಂಚಿನ ಊಟವಾದ ಸಹರಿಗೆ ಉಮ್ಮ (ತಾಯಿ) ಎಬ್ಬಿಸುತ್ತಿದ್ದರು. ಇದೇ ಕ್ರಮವನ್ನು ಚಾಚೂ ತಪ್ಪದೆ ಎಡಿನ್‌ಬರೋದಲ್ಲಿಯೂ ನಡೆಸುತ್ತೇನೆಂದು ಹೊರಟೆ. ತರಾವೀಹ್ ಮುಗಿಸಿ ಮನೆ ಸೇರುವಾಗ ಒಂದೂವರೆ ದಾಟುತ್ತಿತ್ತು. ಐದನೆಯ ರಾತ್ರಿ, ಸಹರಿಗೆ ಏಳುವ ತಾಪತ್ರಯವೇ ಬೇಡವೆಂದು ಮೊದಲೇ ಉಂಡು ಮಲಗಿದವನಿಗೆ ಎಚ್ಚರವಾದದ್ದು ಎಂಟು ಗಂಟೆಗೆ. ಸಹರಿ ಹೋಯಿತು, ಫರ್ಝ್ ಆದ, ಅಂದರೆ ಕಡ್ಡಾಯವಾದ ಸುಬಹಿ ನಮಾಝೂ ವೇಳೆ ಮೀರಿ ಕಝಾ ಆಯಿತು.

ಫೋನಿನಲ್ಲಿ ಹೇಳಿದಾಗ ಉಮ್ಮ ಸಮಾಧಾನದ ಮಾತನ್ನೇನೂ ಆಡಲಿಲ್ಲ. "ಮೋನೇ, ಸುನ್ನತ್ ಹಿಡಿಯಲು ಹೋಗಿ ಫರ್ಝ್ ಕೈಬಿಟ್ಟೆಯಲ್ಲ. ಇಪ್ಪತ್ತು ಆಗದಿದ್ದರೆ ಆಗುವಷ್ಟು ನಮಾಝ್ ಮಾಡು, ಸಹರಿ ಮಾತ್ರ ಬಿಡಬೇಡ" ಎಂದರು. ಬಾಲ್ಯದಲ್ಲಿ ಮದ್ರಸದಲ್ಲಿ ಕಂಠಪಾಠ ಮಾಡಿದ ಮಾತು ಆಗ ನೆನಪಾಯಿತು: ಸಹರಿಯಲ್ಲಿ ಬರಕತ್ (ಸಮೃದ್ಧಿ) ಇದೆ ಎಂದವರು ಪ್ರವಾದಿಯವರೇ. ಅದನ್ನು ತಡಮಾಡಿ ಉಣ್ಣುವುದು ಸುನ್ನತ್. ಪ್ರವಾದಿಯವರ ಸಹರಿಗೂ ಸುಬಹಿ ನಮಾಝಿಗೂ ನಡುವೆ ಕುರ್‌ಆನಿನ ಐವತ್ತು ಆಯತ್ (ವಚನ) ಓದುವಷ್ಟು ಅಂತರವಿತ್ತೆಂದು ಅವರ ಸಂಗಾತಿ ಝೈದ್ ಬಿನ್ ಸಾಬಿತ್ ಹೇಳಿದ್ದಾರೆ. ಮುಂಚಿತವಾಗಿ ಉಂಡು ಮಲಗುವ ನನ್ನ ಜಾಣತನ ಈ ಎರಡಕ್ಕೂ ವಿರುದ್ಧವಾಗಿತ್ತು. ಎರಡು ಮೊಟ್ಟೆ, ಒಂದು ಲೋಟ ನೀರು, ಖರ್ಜೂರ ಇಷ್ಟೇ ಆದರೂ ಎರಡೂ ಕಾಲು ಗಂಟೆಗೆ ಕುಳಿತು ಉಣ್ಣತೊಡಗಿದ ಮೇಲೆ ಮತ್ತೆ ಒಂದು ದಿನವೂ ಸುಬಹಿ ತಪ್ಪಲಿಲ್ಲ.

ತರಾವೀಹ್ ವಿಷಯದಲ್ಲಿ ಮನಸ್ಸು ಒಪ್ಪಲು ಹೆಚ್ಚು ದಿನ ಹಿಡಿಯಿತು. ಪ್ರವಾದಿಯವರು ಕೆಲವು ರಾತ್ರಿ ಮಾತ್ರ ಜನರೊಡನೆ ಮಸೀದಿಯಲ್ಲಿ ಈ ನಮಾಝ್ ನಿರ್ವಹಿಸಿ, ಇದು ಕಡ್ಡಾಯವಾಗಿಬಿಟ್ಟೀತೆಂಬ ಆತಂಕದಿಂದ ಮುಂದಿನ ರಾತ್ರಿ ಹೊರಗೆ ಬರಲೇ ಇಲ್ಲ. ಬೇರೆ ಬೇರೆಯಾಗಿ ನಮಾಝ್ ಮಾಡುತ್ತಿದ್ದವರನ್ನು ನಮಾಝಿಗೆ ಮುಂದೆ ನಿಂತ ಉಬಯ್ಯ್ ಬಿನ್ ಕಅಬರ ಹಿಂದೆ ಒಂದುಗೂಡಿಸಿದವರು ಆಮೇಲೆ ಬಂದ ಖಲೀಫ ಉಮರ್. ಕಾಯುತ್ತಿರುವ ಜನರನ್ನು ಕಂಡೂ ಹೊರಬಾರದೆ ಉಳಿದ ಆ ರಾತ್ರಿಯ ಕುರಿತು ಮಂಗಳೂರಿನಲ್ಲಿ ನಾನು ಯೋಚಿಸಿರಲೇ ಇಲ್ಲ. ತರಾವೀಹ್ ಎಂಬ ಪದದ ಮೂಲದಲ್ಲಿಯೇ ವಿಶ್ರಾಂತಿಯ ಅರ್ಥವಿದೆ, ನಾಲ್ಕು ರಕಅತ್‌ಗಳಿಗೊಮ್ಮೆ ಕೂತು ಸುಧಾರಿಸಿಕೊಳ್ಳುವುದರಿಂದ ಬಂದ ಹೆಸರದು. ಕೆಲಸದ ದಿನಗಳಲ್ಲಿ ಎಂಟು ರಕಅತ್ ಮನೆಯಲ್ಲಿ, ಶುಕ್ರವಾರ ಮತ್ತು ಶನಿವಾರದ ರಾತ್ರಿ ಮಸೀದಿಯಲ್ಲಿ ಪೂರ್ತಿ ಎಂದು ನಿಶ್ಚಯಿಸಿದೆ. (ಮಸೀದಿಯಲ್ಲಿ ಮೊದಲ ರಾತ್ರಿಯೇ ಕೊನೆಯ ನಮಾಝಾದ ವಿತ್ರ್‌ನಲ್ಲಿ ಇಮಾಮರು ಕುನೂತ್ ಪ್ರಾರ್ಥನೆಗೆ ಕೈ ಎತ್ತಿದಾಗ ನಾನು ತಬ್ಬಿಬ್ಬಾಗಿದ್ದೆ, ಶಾಫಿಈ ಎಂಬ ನ್ಯಾಯಪಂಥದ ಪದ್ಧತಿಯ ನಮ್ಮ ಕರಾವಳಿಯಲ್ಲಿ ಅದು ತಿಂಗಳ ಉತ್ತರಾರ್ಧಕ್ಕೆ ಸೇರಿದ್ದು.)

ಸೂರ್ಯ ಮುಳುಗಿದ ಕೂಡಲೇ ಉಪವಾಸ ತೊರೆಯುವುದು ಇನ್ನೊಂದು ಸುನ್ನತ್. ಹಸಿ ಖರ್ಜೂರ, ಇಲ್ಲವಾದರೆ ಒಣ ಖರ್ಜೂರ, ಅದೂ ಇಲ್ಲವಾದರೆ ಕೆಲವು ಗುಟುಕು ನೀರು ಸಾಕು. ಉಪವಾಸಿಗನಿಗೆ ಇಫ್ತಾರ್ ಮಾಡಿಸಿದವನಿಗೆ, ಉಪವಾಸ ಮಾಡಿದವನ ಪುಣ್ಯದಲ್ಲಿ ಏನೂ ಕಡಿಮೆಯಾಗದೆ, ಅಷ್ಟೇ ಪುಣ್ಯವಿದೆಯೆಂಬ ಹದೀಸನ್ನು (ಪ್ರವಾದಿವಚನ) ನಂಬಿ ಭಾನುವಾರಗಳಂದು ಕಾಪು ಮತ್ತು ಭಟ್ಕಳದ ಇಬ್ಬರು ವಿದ್ಯಾರ್ಥಿಗಳನ್ನು ಕರೆಯುತ್ತಿದ್ದೆ. ಬ್ಯಾರಿ ಮನೆಮಾತಿನ ನಾನು, ನವಾಯತಿಯ ಒಬ್ಬರು, ಉರ್ದುವಿನ ಇನ್ನೊಬ್ಬರು ಸೇರಿ ಕನ್ನಡದಲ್ಲಿಯೇ ಹರಟುತ್ತಿದ್ದೆವು. ನಾನು ಮಾಡಿದ ಅಕ್ಕಿ ರೊಟ್ಟಿ ಚರ್ಮದಂತಿತ್ತು ಎಂಬುದನ್ನು ಅವರು ಸೌಜನ್ಯದಿಂದ ಹೇಳಲಿಲ್ಲ.

ಕೊನೆಯ ಹತ್ತು ದಿನ ಪ್ರವಾದಿಯವರಂತೆ ಮಸೀದಿಯಲ್ಲಿಯೇ ತಂಗಿ ಆರಾಧಿಸುವ ಇಅ್‌ತಿಕಾಫ್ ಕುಳಿತುಕೊಳ್ಳಲು ನೌಕರಿಯವನಿಗೆ ಸಾಧ್ಯವಿರಲಿಲ್ಲ. ಆದರೆ ಶಾಫಿಈ ವಿಧಿಯಲ್ಲಿ ನಿಯ್ಯತ್ ಮಾಡಿ ಸ್ವಲ್ಪ ಹೊತ್ತು ಮಸೀದಿಯಲ್ಲಿ ತಂಗಿದರೂ ಅದು ಇಅ್‌ತಿಕಾಫ್ ಆಗುತ್ತದೆ. ಬೆಸ ರಾತ್ರಿಗಳಲ್ಲಿ ಒಂದೊಂದು ಗಂಟೆ ಕಂಬಕ್ಕೆ ಒರಗಿ ಕುರ್‌ಆನ್ ಓದಿದೆ. ಆ ಬೆಸ ರಾತ್ರಿಗಳಲ್ಲಿ ಅರಸುವ ಲೈಲತುಲ್ ಕದ್ರ್ (ಮಹಿಮೆಯ ರಾತ್ರಿ) ಸಿಕ್ಕರೆ ಏನು ಬೇಡಲಿ ಎಂದು ಕೇಳಿದ ಪತ್ನಿ ಆಯಿಶಾರಿಗೆ ಪ್ರವಾದಿಯವರು ಕಲಿಸಿದ ಕ್ಷಮೆಯ ಪ್ರಾರ್ಥನೆಯನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ಕುರ್‌ಆನಿನ ಮೂವತ್ತು ಜುಝ್ (ಭಾಗ)ಗಳಲ್ಲಿ ನನಗೆ ಮುಗಿದದ್ದು ಹತ್ತೊಂಬತ್ತು.

ಈದ್‌ನ ಬೆಳಿಗ್ಗೆ ಸ್ನಾನ ಮಾಡಿ, ನಮಾಝಿಗೆ ಹೊರಡುವ ಮುನ್ನ ಬೆಸ ಸಂಖ್ಯೆಯಲ್ಲಿ ಖರ್ಜೂರ ತಿನ್ನಬೇಕೆಂಬುದು ನೆನಪಾಗಿ ಡಬ್ಬಿ ತೆರೆದೆ. ಒಳಗೆ ನಾಲ್ಕಿದ್ದವು. ಮೂರನ್ನು ತಿಂದು, ಒಂದನ್ನು ಮೆಟ್ಟಿಲಲ್ಲಿ ಕಾಯುತ್ತಿದ್ದ ಭಟ್ಕಳದ ಹುಡುಗನಿಗೆ ಕೊಟ್ಟೆ.