ಸುಂಡಿಲಿ ಮೂಳೆ ಲಾಗ್: ಎರಡನೇ ಪ್ಲೇಟ್

ಜುಲೈ 30, ಶಿವಮೊಗ್ಗ. ಬೆಳಿಗ್ಗೆಯಿಂದ ಬಿಡದ ಮಳೆ.

ಸುಂಡಿಲಿಯ ರಕ್ತದಲ್ಲಿ ಮೂಳೆಯ ಒಂದು ಪ್ರೋಟೀನ್ ಅಳೆಯುವ ಎರಡನೇ ಪ್ಲೇಟ್ (ವೆಲ್ ಅನ್ನುವ ಪುಟ್ಟ ಗುಳಿಗಳಿರುವ ತಟ್ಟೆ) ಕೊನೆಗೂ ಸರಿಯಾಗಿ ಬಂತು. ಸ್ಟ್ಯಾಂಡರ್ಡ್ ಗೆರೆ, ಅಂದರೆ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಗಳಿಂದ ಎಳೆದ ಅಳತೆಯ ಗೆರೆ, ಚೆನ್ನಾಗಿ ಕೂತಿದೆ. ಒಂದನ್ನು ಬಿಟ್ಟು ಉಳಿದೆಲ್ಲ ಸ್ಯಾಂಪಲ್‌ಗಳಲ್ಲೂ ಜೋಡಿ ವೆಲ್‌ಗಳ ಅಂಕಿ ಹತ್ತಿರ ಹತ್ತಿರ ಇವೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಶಿವಮೊಗ್ಗದಲ್ಲಿ ಮೂಳೆ ಅಂದ ಕೂಡಲೇ ಹಂದಿಗೋಡು ಕಾಯಿಲೆಯ ಕೆಲಸವಾ ಅಂತ ಕೇಳ್ತಾರೆ. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಗೊತ್ತಾದ ಅದು ವಂಶದಲ್ಲಿ ಬರುವ ಕಾಯಿಲೆ. ನನ್ನ ಕೆಲಸ ಮುಟ್ಟು ನಿಂತ ಮೇಲೆ ಸವೆಯುವ ಮೂಳೆಯದ್ದು. ನಮ್ಮ ಅಜ್ಜಿ ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಪಕ್ಕದ ಮನೆಯವರು ತಂದುಕೊಟ್ಟಿದ್ದು ಮಂಗರವಳ್ಳಿ. ಆ ಬಳ್ಳಿ ನಿಜಕ್ಕೂ ಏನು ಮಾಡುತ್ತದೆ ಅಂತ ನೋಡಬೇಕು ಅನ್ನಿಸಿದ್ದು ಆಗಲೇ.

ಇರುವುದು 24 ಸುಂಡಿಲಿ, ಎಂಟೆಂಟರ ಮೂರು ಗುಂಪು. ಮೊದಲ ಗುಂಪಿಗೆ ಹೊಟ್ಟೆ ತೆರೆದು ಹಾಗೇ ಹೊಲಿದದ್ದು ಮಾತ್ರ. ಇನ್ನೊಂದಕ್ಕೆ, ಮುಟ್ಟು ನಿಂತ ಮೇಲಿನ ಹಾಗೆ ಮೂಳೆ ಸವೆಯಲೆಂದು, ಅಂಡಾಶಯ ತೆಗೆದಿದೆ. ಮೂರನೆಯದಕ್ಕೆ ಅಂಡಾಶಯ ತೆಗೆದು ಬಳ್ಳಿಯ ಸಾರ ಕೊಡುತ್ತಿದ್ದೇವೆ. ಅಳೆಯುತ್ತಿರುವುದು ಆಸ್ಟಿಯೋಕ್ಯಾಲ್ಸಿನ್, ಮೂಳೆ ಕಟ್ಟುವ ಜೀವಕೋಶಗಳು ಮಾಡುವ ಪುಟ್ಟ ಪ್ರೋಟೀನ್. ಮನುಷ್ಯರಲ್ಲಿ ಅದಕ್ಕೆ 49 ಅಮೈನೋ ಆಮ್ಲ, ಸುಂಡಿಲಿಯಲ್ಲಿ 46. ಜೋಡಣೆಯೂ ಸ್ವಲ್ಪ ಬೇರೆ. ಹಾಗಾಗಿ ಮನುಷ್ಯರ ಕಿಟ್ ನಂಬಿ ಕೂರುವ ಹಾಗಿಲ್ಲ, ಸುಂಡಿಲಿಗೆಂದೇ ಮಾಡಿದ ಎಲೈಸಾ ಕಿಟ್ (ಪ್ರೋಟೀನ್ ಎಷ್ಟಿದೆ ಅಂತ ಬಣ್ಣದಿಂದ ಅಳೆಯುವ ಪರೀಕ್ಷೆ) ಬೇಕು.

ಮೊದಲ ಪ್ಲೇಟ್ ಕೆಟ್ಟಿದ್ದು ಕಿಟ್‌ನಿಂದ ಅಲ್ಲ, ರಕ್ತ ತೆಗೆದ ಕೈಯಿಂದ. ಆ ಕೈ ನನ್ನದೇ. ಅವತ್ತು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರಾಗುವ ತಿಳಿ ದ್ರವ) ಇದ್ದ 24 ಟ್ಯೂಬ್‌ಗಳನ್ನು ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಹತ್ತೊಂಬತ್ತು ತಿಳಿ ಹುಲ್ಲಿನ ಬಣ್ಣ. ಐದು ಮಾತ್ರ ಕೋಕಂ ಶರಬತ್ತಿಗೆ ನೀರು ಬೆರೆಸಿದ ಹಾಗೆ ಗುಲಾಬಿ. ಕೆಂಪು ರಕ್ತಕಣ ಒಡೆದರೆ ಅದರೊಳಗಿನ ಕಿಣ್ವಗಳು ಆಸ್ಟಿಯೋಕ್ಯಾಲ್ಸಿನ್ ಅನ್ನು ಕತ್ತರಿಸುತ್ತವೆ. ಆ ಐದರ ಅಂಕಿಯೂ ಕೆಳಗೇ ಬಂತು. ಅದರಲ್ಲಿ ಮೂರು ಬಳ್ಳಿ ಕೊಟ್ಟ ಗುಂಪಿನವು! ನೋಡದೆ ಸೇರಿಸಿದ್ದರೆ ಬಳ್ಳಿ ಕೆಲಸ ಮಾಡಿತು ಅಂತ ಬರೆದುಬಿಡುತ್ತಿದ್ದೆ.

25 ಗ್ರಾಮ್ ತೂಗುವ ಸುಂಡಿಲಿಯಲ್ಲಿ ಇರುವ ರಕ್ತವೇ ಸುಮಾರು 2 ಮಿಲಿಲೀಟರ್. ಅದರಲ್ಲಿ ಹತ್ತನೇ ಒಂದು ಪಾಲು ತೆಗೆದರೆ ಜಾಸ್ತಿ. ಅದಕ್ಕೇ ಎರಡು ವಾರ ಸುಮ್ನೆ ಬಿಟ್ಟೆವು. ಈ ಸಲ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ಎಲ್ಲದರ ರಕ್ತ ತೆಗೆದು ಮುಗಿಸಿದೆವು, ಯಾಕೆಂದರೆ ಈ ಪ್ರೋಟೀನ್ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಅವಸರದಲ್ಲಿ ಎಳೆಯಲಿಲ್ಲ, ಹೆಪ್ಪುಗಟ್ಟಲು ಅರ್ಧ ಗಂಟೆ ಬಿಟ್ಟೆವು. ಪ್ರತಿ ಸೀರಮ್ ಅನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟೆವು. ಕರಗಿಸಿ ಮತ್ತೆ ಗಡ್ಡೆ ಕಟ್ಟಿಸಿದರೆ ಅಂಕಿ ಹಾಳು. ಗುಲಾಬಿ ಈ ಸಲ ಒಂದೇ ಒಂದು. ಅದನ್ನು ಕೈಬಿಟ್ಟೆ.

ಮಳೆಗಾಲದ ಕಷ್ಟ ಇನ್ನೊಂದು. ಕೈಪಿಡಿಯ ಪ್ರಕಾರ 'ಕೋಣೆಯ ಉಷ್ಣತೆ' 25 ಡಿಗ್ರಿ. ನಮ್ಮ ಕೋಣೆಯಲ್ಲಿ ಇವತ್ತು 21. ಬಣ್ಣ ಬರುವ ದ್ರಾವಣ ಹಾಕಿ ಹದಿನೈದು ನಿಮಿಷವಾದರೂ ನೀಲಿ ಪೇಲವವಾಗೇ ಇತ್ತು. ಗಡಿಯಾರ ಬಿಟ್ಟು ಕೊನೆಯ ಸ್ಟ್ಯಾಂಡರ್ಡ್ ವೆಲ್ ನೋಡುತ್ತಾ ಕೂತೆ. ಇಪ್ಪತ್ತೆರಡನೇ ನಿಮಿಷಕ್ಕೆ ಅದು ಗಟ್ಟಿ ನೀಲಿಗೆ ತಿರುಗಿತು. ಹಾಕಿದ ಕ್ರಮದಲ್ಲೇ ಆಮ್ಲ ಹಾಕಿದೆ, ನೀಲಿ ಹಳದಿಯಾಯಿತು, ಕರೆಂಟ್ ಹೋಗುವ ಮೊದಲು 450 ನ್ಯಾನೋಮೀಟರ್‌ನಲ್ಲಿ ಓದಿಬಿಟ್ಟೆ. ಸ್ಟ್ಯಾಂಡರ್ಡ್‌ಗಳೂ ಅದೇ ಚಳಿಯಲ್ಲಿ ಕೂತಿದ್ದರಿಂದ ಲೆಕ್ಕ ತಪ್ಪಲಿಲ್ಲ. ಜೂನ್‌ನ ಗೆರೆ ಇಟ್ಟುಕೊಂಡು ಇವತ್ತಿನ ಸ್ಯಾಂಪಲ್ ಅಳೆದಿದ್ದರೆ ಎಲ್ಲವೂ ಕಡಿಮೆ ಕಾಣುತ್ತಿತ್ತು.

ಅಂಡಾಶಯ ತೆಗೆದ ಗುಂಪಿನಲ್ಲಿ ಆಸ್ಟಿಯೋಕ್ಯಾಲ್ಸಿನ್ ಜಾಸ್ತಿ ಇದೆ. ಜಾಸ್ತಿ ಅಂದರೆ ಮೂಳೆ ಗಟ್ಟಿ ಅಂತ ಅಲ್ಲ! ಕಟ್ಟುವುದೂ ಕೆಡವುವುದೂ ಎರಡೂ ಜೋರಾಗಿ ನಡೆದಿದೆ, ಕೆಡವುವುದು ಒಂದು ಹೆಜ್ಜೆ ಮುಂದಿದೆ. ಅದಕ್ಕೆ ಕೆಡವುವ ಗುರುತಾದ ಸಿಟಿಎಕ್ಸ್ ಅನ್ನೂ ಅಳೆಯಲೇಬೇಕು. ಬಳ್ಳಿ ಕೊಟ್ಟ ಗುಂಪಿನ ಅಂಕಿ ಇನ್ನೂ ಚದುರಿದೆ, ಈಗಲೇ ಏನೂ ಹೇಳಲ್ಲ.

ಪ್ಲೇಟ್‌ನ ಹನ್ನೆರಡು ವೆಲ್ ಪಟ್ಟಿಗಳಲ್ಲಿ ನಾಲ್ಕು ಉಳಿದಿವೆ. ಈ ತೇವಕ್ಕೆ ಹೆದರಿ ಹೊಸ ಸಿಲಿಕಾ ಜೆಲ್ ಚೀಲ ಹಾಕಿ, ಮುಚ್ಚಿ ಫ್ರಿಜ್‌ನಲ್ಲಿಟ್ಟಿದ್ದೇನೆ. ಸಿಟಿಎಕ್ಸ್ ಕಿಟ್‌ಗೆ ಅರ್ಜಿ ನಾಳೆ. ಮುಂದಿನ ರಕ್ತ ಆಗಸ್ಟ್ 13ಕ್ಕೆ, ಮತ್ತೆ ಒಂಬತ್ತು ಗಂಟೆಗೇ.