ಹಂಗಾಮಿನ ಮುಂಚೆ ಕಾಟಾದ ಮೇಲೆ ಒಂದು ದಿನ

ಬಾಗಲಕೋಟೆ ಜಿಲ್ಲೆಯಲ್ಲಿ ದೀಪಾವಳಿ ಹತ್ತಿರ ಬಂತೆಂದರೆ ಸಕ್ಕರೆ ಕಾರ್ಖಾನೆಗಳ ಯಾರ್ಡು ಸ್ವಚ್ಛವಾಗುತ್ತದೆ, ಬಾಯ್ಲರಿಗೆ ಪೂಜೆಯ ದಿನ ಗೊತ್ತಾಗುತ್ತದೆ, ಕಬ್ಬು ಕಡಿಯುವ ಗ್ಯಾಂಗಿನವರು ಬಂದು ಗುಡಿಸಲು ಹಾಕುತ್ತಾರೆ. ಇವೆಲ್ಲದರ ನಡುವೆ ಯಾರ ಗಮನಕ್ಕೂ ಬೀಳದಂತೆ ಇನ್ನೊಂದು ಕೆಲಸ ಮುಗಿದುಹೋಗುತ್ತದೆ: ಕಾಟಾ, ಅಂದರೆ ಕಬ್ಬಿನ ಗಾಡಿಯನ್ನು ಇಡಿಯಾಗಿ ತೂಗುವ ಯಂತ್ರದ ಪರೀಕ್ಷೆ. ಮುಧೋಳ ಸೀಮೆಯ ಒಂದು ಕಾರ್ಖಾನೆಯಲ್ಲಿ ಈ ಸಲ ಅದನ್ನು ರೈತರನ್ನು ಕರೆದು, ಅವರ ಎದುರಿಗೇ ಇಡೀ ದಿನ ಮಾಡಿದರು. ಸರ್ಕಾರದ ನಿಯಮ ಕಾಗದದಿಂದ ಇಳಿದು ನೆಲಕ್ಕೆ ಬರುವುದೆಂದರೆ ಏನೆಂದು ತಿಳಿಯಬೇಕಾದರೆ ಆ ದಿನದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕು.

ಕಾಟಾ 60 ಟನ್ನಿನದು. ಪ್ಲಾಟ್‌ಫಾರ್ಮ್ 18 ಮೀಟರ್ ಉದ್ದ, ಕೆಳಗೆ ಭಾರವನ್ನು ಅಳೆದು ಪರದೆಗೆ ಕಳಿಸುವ 8 ಲೋಡ್ ಸೆಲ್. ಪರದೆಯ ಮೇಲೆ ಅಂಕಿ 10 ಕೆಜಿಗೊಮ್ಮೆ ಜಿಗಿಯುತ್ತದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರಡಿಯ 2011ರ ನಿಯಮಗಳ ಪ್ರಕಾರ ಇಂಥ ಕಾಟಾಕ್ಕೆ 12 ತಿಂಗಳಿಗೊಮ್ಮೆ ಮರುಪರಿಶೀಲನೆ ಆಗಿ ಮುದ್ರೆ ಬೀಳಬೇಕು. ಎಷ್ಟು ತಪ್ಪು ಕ್ಷಮ್ಯ ಎಂಬುದೂ ನಿಯಮದಲ್ಲೇ ಇದೆ. 10 ಕೆಜಿ ಅಂತರದ ಈ ಕಾಟಾದಲ್ಲಿ 5 ಟನ್ನಿನವರೆಗೆ 5 ಕೆಜಿ, 5ರಿಂದ 20 ಟನ್ನಿಗೆ 10 ಕೆಜಿ, 20 ಟನ್ನಿನ ಮೇಲೆ 15 ಕೆಜಿ, ಹೆಚ್ಚಾದರೂ ಸರಿ ಕಡಿಮೆಯಾದರೂ ಸರಿ. ಇದು ಮುದ್ರೆ ಹಾಕುವ ದಿನದ ಮಿತಿ. ಬಳಕೆಯಲ್ಲಿರುವಾಗ ತಪಾಸಣೆಗೆ ಬಂದರೆ ಇದರ ಎರಡು ಪಟ್ಟಿನವರೆಗೆ ಬಿಡುತ್ತಾರೆ.

ಈ ಅಂಕಿಗಳನ್ನು ರೊಕ್ಕಕ್ಕೆ ತಿರುಗಿಸಿ ನೋಡಬೇಕು. ಟ್ರ್ಯಾಕ್ಟರ್, ಎರಡು ಟ್ರೇಲರ್, ಕಬ್ಬು ಸೇರಿ 28 ಟನ್, ಖಾಲಿ ಗಾಡಿ 8 ಟನ್, ಕಬ್ಬು 20 ಟನ್ ಎಂದಿಟ್ಟುಕೊಳ್ಳಿ. ಬಳಕೆಯ ಮಿತಿಯಲ್ಲೇ ತುಂಬಿದ ತೂಕ 30 ಕೆಜಿ ಕಡಿಮೆಯಾಗಿ, ಖಾಲಿ ತೂಕ 20 ಕೆಜಿ ಹೆಚ್ಚಾದರೆ ರೈತನಿಗೆ 50 ಕೆಜಿ ಹೋಯಿತು. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಶೇ. 10.25 ಸಕ್ಕರೆ ಇಳುವರಿಗೆ, ಕ್ವಿಂಟಲಿಗೆ 355 ರೂಪಾಯಿ. ಆ ಲೆಕ್ಕಕ್ಕೆ ಒಂದು ಖೇಪಿಗೆ 177 ರೂಪಾಯಿ 50 ಪೈಸೆ. ರೈತನೊಬ್ಬನಿಗೆ ಇದು ಸಣ್ಣ ಮೊತ್ತ ಅನ್ನಿಸಬಹುದು. ದಿನಕ್ಕೆ 10,000 ಟನ್ ನುರಿಸುವ ಕಾರ್ಖಾನೆಗೆ ಇಂಥ 500 ಖೇಪು ಬರುತ್ತವೆ, ಒಂದೇ ದಿನಕ್ಕೆ 25 ಟನ್, 88,750 ರೂಪಾಯಿ. ಮಿತಿಯೊಳಗಿದೆ ಎಂಬ ಮಾತಿಗೆ ಸಮಾಧಾನಪಡಬಾರದು. ಕಾಟಾವನ್ನು ಸೊನ್ನೆ ತಪ್ಪಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಕೂರಿಸಬೇಕು. ಮಿತಿ ಇರುವುದು ಯಂತ್ರದ ಅಶಕ್ತಿಗೆ, ಯಾರ ಲಾಭಕ್ಕೂ ಅಲ್ಲ.

ಬೆಳಿಗ್ಗೆ ಮೊದಲು ಪರದೆಯ ಪೆಟ್ಟಿಗೆಗೆ ಕರೆಂಟು ಕೊಟ್ಟು ಅರ್ಧ ತಾಸು ಬಿಟ್ಟರು. ಇಲೆಕ್ಟ್ರಾನಿಕ್ಸ್ ಕಾಯ್ದು ಸ್ಥಿರವಾಗುವ ಮುಂಚೆ ಓದಿದ ಅಂಕಿಗೆ ಬೆಲೆಯಿಲ್ಲ. ಆ ಹೊತ್ತಿನಲ್ಲಿ ಗುಂಡಿಗೆ ಇಳಿದು ಕೆಳಭಾಗ ನೋಡುವುದು: ಇಲಿ ಕಡಿದ ಕೇಬಲ್, ನಿಂತ ನೀರು, ಪ್ಲಾಟ್‌ಫಾರ್ಮ್ ಅತ್ತಿತ್ತ ಸರಿಯದಂತೆ ಹಿಡಿದಿರುವ ರಾಡುಗಳ ಬಿಗಿತ. ಪ್ಲಾಟ್‌ಫಾರ್ಮಿಗೂ ಗುಂಡಿಯ ಗೋಡೆಗೂ ನಡುವಿನ ಸಂದು ನಾಲ್ಕೂ ಕಡೆ ಖುಲ್ಲಾ ಇರಬೇಕು. ಅಲ್ಲಿ ಏನು ಸಿಕ್ಕಿಕೊಂಡರೂ ಪ್ಲಾಟ್‌ಫಾರ್ಮಿನ ಭಾರ ಗೋಡೆಗೂ ಹಂಚಿಹೋಗುತ್ತದೆ, ಲೋಡ್ ಸೆಲ್ಲಿಗೆ ಅಷ್ಟು ಕಡಿಮೆ ತಲುಪುತ್ತದೆ.

ಆಮೇಲೆ ಮೂಲೆ ಪರೀಕ್ಷೆ: ಒಂದೇ ಭಾರ ಪ್ಲಾಟ್‌ಫಾರ್ಮಿನ ಎಲ್ಲಿ ನಿಂತರೂ ಒಂದೇ ಓದು ಬರಬೇಕು. ನಿಯಮದ ಲೆಕ್ಕದಲ್ಲಿ 8 ಸೆಲ್ ಇದ್ದರೆ ಒಂದು ಕಳೆದು 7ರಿಂದ 60 ಟನ್ನನ್ನು ಭಾಗಿಸಬೇಕು, 8.5 ಟನ್ ಮತ್ತು ಚಿಲ್ಲರೆ. ಅಷ್ಟೇ ತೂಗುವಂತೆ ಜಲ್ಲಿ ತುಂಬಿದ ಚಿಕ್ಕ ಲಾರಿಯೊಂದನ್ನು ತಂದಿದ್ದರು. ಅದನ್ನು ಪೂರ್ವದ ತುದಿ, ನಡು, ಪಶ್ಚಿಮದ ತುದಿಯಲ್ಲಿ ನಿಲ್ಲಿಸಿ ಓದಬೇಕು, ನಂತರ ಎದುರು ದಿಕ್ಕಿನಿಂದ ಹತ್ತಿಸಿ ಮತ್ತೆ ಓದಬೇಕು. ಪೂರ್ವಕ್ಕೂ ನಡುವಿಗೂ 8,580. ಪಶ್ಚಿಮಕ್ಕೆ 8,560.

ನೋಡುತ್ತ ನಿಂತಿದ್ದ ಹಿರಿಯ ರೈತರೊಬ್ಬರು ಮುಂದೆ ಬಂದರು. "ಸಾಹೇಬ್ರ, ಇಪ್ಪತ್ತ ಕೆಜಿ ಎಲ್ಲಿ ಹೋತ್ರಿ?"

"ಅದನ್ನ ಹುಡಕಾಕ ಬಂದೇವ್ರಿ ಕಾಕಾ. ಸಿಗೂತನಾ ಮುದ್ರಿ ಬೀಳಂಗಿಲ್ಲ," ಅಂದರು ಪರೀಕ್ಷೆ ಮಾಡುತ್ತಿದ್ದ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು.

ಪಶ್ಚಿಮದ ತುದಿಯ ಸಂದಿನಲ್ಲಿ ಸಿಕ್ಕಿದ್ದು ಎರಿ ಮಣ್ಣು. ನಮ್ಮ ಕಡೆ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗೆ ಅಂಟಿ ಬರುವ ಈ ಮಣ್ಣು ಸಂದಿಗೆ ಇಳಿದು, ರವದಿ (ಕಬ್ಬಿನ ಒಣ ಗರಿ) ಮತ್ತು ಗರಸಿನ ಜೊತೆ ಕಲೆತು, ಒಣಗಿದ ಮೇಲೆ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಹಾರೆ ಹಾಕಿ ಎಬ್ಬಿಸಿ ತೊಳೆದ ಮೇಲೆ ಲಾರಿ 8,570 ತೋರಿಸಿತು. ಈ ತೂಕಕ್ಕೆ ಮಿತಿ 10 ಕೆಜಿ, ಅಲ್ಲಿಗೆ ನಿಲ್ಲಿಸಲು ನಿಯಮ ಅಡ್ಡಿ ಮಾಡುವುದಿಲ್ಲ. ಆದರೂ ಅವರು ನಿಲ್ಲಿಸಲಿಲ್ಲ. ಆ ತುದಿಯ ಸೆಲ್ಲುಗಳ ತಂತಿ ಬಂದು ಸೇರುವ ಜಂಕ್ಷನ್ ಬಾಕ್ಸ್ ತೆಗೆಸಿದರು. ಒಂದು ಕೇಬಲ್ ಒಳಬರುವಲ್ಲಿ ಬಿರಡೆ ಸಡಿಲಾಗಿ ಒಳಗೆ ತೇವ ಕೂತಿತ್ತು, ಟರ್ಮಿನಲ್ ಮೇಲೆ ಬಿಳಿ ಪುಡಿ ಏರಿತ್ತು. ಬಿಸಿಗಾಳಿ ಹಿಡಿದು ಒಣಗಿಸಿ, ಟರ್ಮಿನಲ್ ಉಜ್ಜಿ, ಬಿರಡೆ ಬಿಗಿ ಮಾಡಿ, ಆ ಮೂಲೆಯ ಹೊಂದಾಣಿಕೆ ಸರಿಪಡಿಸಿದ ಮೇಲೆ ಮೂರೂ ಕಡೆ 8,580. ಹೊಂದಾಣಿಕೆಯ ತಿರುಪು ಮುಟ್ಟಿದ ಕ್ಷಣವೇ ಅಲ್ಲಿಯವರೆಗಿನ ಓದುಗಳೆಲ್ಲ ರದ್ದು. ಪರೀಕ್ಷೆ ಮತ್ತೆ ಸೊನ್ನೆಯಿಂದ ಶುರುವಾಗಬೇಕು, ಆಯಿತು ಕೂಡ. ಬೇರೆ ಕಡೆ ಅವಸರದಲ್ಲಿ ಮುಗಿಸುವಾಗ ಬಿಟ್ಟುಹೋಗುವುದು ಈ ಮರುಪರೀಕ್ಷೆಯೇ.

ಜಂಕ್ಷನ್ ಬಾಕ್ಸಿನ ಬಗ್ಗೆ ಇನ್ನೊಂದು ಮಾತು. ತೂಕದಲ್ಲಿ ಮೋಸ ಮಾಡುವವರು ರಿಮೋಟಿಗೆ ಸ್ಪಂದಿಸುವ ಸಣ್ಣ ಚಿಪ್ ಕೂಡಿಸುವುದು ಸಾಮಾನ್ಯವಾಗಿ ಇಂಥ ಪೆಟ್ಟಿಗೆಯಲ್ಲಿ, ಇಲ್ಲವೆ ಅಲ್ಲಿಂದ ಪರದೆಗೆ ಹೋಗುವ ಕೇಬಲಿನ ನಡುವೆ. ಪರದೆಯ ಪೆಟ್ಟಿಗೆಗೆ ಮಾತ್ರ ಸೀಲು ಹಾಕಿ ಇದನ್ನು ಬಿಟ್ಟರೆ ಮುಂಬಾಗಿಲಿಗೆ ಮಾತ್ರ ಕೀಲಿ ಬಿದ್ದಂತೆ. ಎರಡಕ್ಕೂ ತಂತಿ ಸೀಲು ಬೇಕು, ಕೇಬಲ್ ನಡುವೆ ಜೋಡಣೆಯಿಲ್ಲದೆ ಒಂದೇ ತುಂಡಾಗಿರಬೇಕು. ಹೊಸ ಪರದೆಗಳಲ್ಲಿ ಹೊಂದಾಣಿಕೆ ಬದಲಾದಾಗಲೆಲ್ಲ ತಾನಾಗಿ ಒಂದೊಂದು ಏರುವ ಎಣಿಕೆಯಿರುತ್ತದೆ, ಅದನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಆ ಅಂಕಿಯನ್ನು ಪ್ರಮಾಣಪತ್ರದ ಮೇಲೆ ಬರೆದು ಗೋಡೆಗೆ ಹಚ್ಚಿದರೆ ಹಂಗಾಮಿನ ಯಾವ ದಿನವಾದರೂ ರೈತನೇ ತಾಳೆ ನೋಡಬಹುದು. ಖರ್ಚಿಲ್ಲದ ಈ ಒಂದು ಸಾಲು ಎಲ್ಲ ಪ್ರಮಾಣಪತ್ರಗಳಲ್ಲೂ ಕಡ್ಡಾಯವಾಗಬೇಕು.

ಮಧ್ಯಾಹ್ನದ್ದು ಮೈಮುರಿಯುವ ಕೆಲಸ. 20 ಕೆಜಿಯ ಎರಕದ ಕಬ್ಬಿಣದ ಬಟ್ಟುಗಳು, ಅಂದರೆ ತೂಕದ ಕಲ್ಲುಗಳು, ಟನ್ನಿಗೆ 50. ಅಂದು ತಂದದ್ದು 10 ಟನ್, 500 ಬಟ್ಟು. ಹಮಾಲರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. 60 ಟನ್ನಿನಷ್ಟು ಬಟ್ಟು ತರುವುದು ಆಗದ ಮಾತು, ಆದ್ದರಿಂದ ಬದಲಿ ವಿಧಾನ. ಮೊದಲು 10 ಟನ್ ಬಟ್ಟು ಏರಿಸಿ ಓದಬೇಕು. ಅವನ್ನು ಇಳಿಸಿ ಲಾರಿ ಹತ್ತಿಸಿ, ಅದೇ ಓದು ಬರುವವರೆಗೆ ಜಲ್ಲಿ ಕೂಡಿಸಿಯೋ ತೆಗೆದೋ ಸರಿದೂಗಿಸಬೇಕು. ಈಗ ಲಾರಿ 10 ಟನ್ನಿಗೆ ಸಮ. ಲಾರಿ ಮೇಲಿರುವಾಗಲೇ ಬಟ್ಟು ಮತ್ತೆ ಏರಿಸಿದರೆ 20 ಟನ್. ಹೀಗೆ ಭಾರ ಬದಲಿಸುತ್ತ ಮೇಲೆ ಹೋಗುವುದು, ಅದೇ ಮೆಟ್ಟಿಲುಗಳಲ್ಲಿ ಇಳಿಯುವುದು. ಇಳಿಯುವಾಗಲೂ ಓದು ಬರೆದುಕೊಳ್ಳಬೇಕು. ಏರುವಾಗ ಸರಿಯಿದ್ದು ಇಳಿಯುವಾಗ ಅಂಕಿ ಮೇಲೆಯೇ ಉಳಿದರೆ ಎಲ್ಲೋ ತಿಕ್ಕಾಟವಿದೆ ಎಂದರ್ಥ.

ಪರದೆ 10 ಕೆಜಿಗೊಮ್ಮೆ ಜಿಗಿಯುವಾಗ ಅದರೊಳಗಿನ ತಪ್ಪನ್ನು ಹಿಡಿಯುವುದು ಹೇಗೆ ಎಂದು ಕಾಲೇಜು ಹುಡುಗನೊಬ್ಬ ಕೇಳಿದ. ಉತ್ತರವನ್ನು ಮಾಡಿಯೇ ತೋರಿಸಿದರು. 10,000 ಕೆಜಿ ಬಟ್ಟಿಗೆ ಪರದೆ 10,000 ತೋರಿಸುತ್ತಿದೆ. ಅದರ ಮೇಲೆ 1 ಕೆಜಿ ಬಟ್ಟನ್ನು ಒಂದೊಂದಾಗಿ ಇಡಬೇಕು. ಮೂರನೆಯದಕ್ಕೆ ಅಂಕಿ 10,010ಕ್ಕೆ ಜಿಗಿಯಿತು. ಓದಿದ ಅಂಕಿಗೆ ಅರ್ಧ ಅಂತರ, ಅಂದರೆ 5 ಕೆಜಿ ಕೂಡಿಸಿ, ಇಟ್ಟ 3 ಕೆಜಿ ಕಳೆದರೆ ನಿಜವಾದ ಓದು 10,002. ಕಾಟಾ 2 ಕೆಜಿ ಹೆಚ್ಚು ತೋರಿಸುತ್ತಿದೆ. ಹತ್ತು ಸಣ್ಣ ಬಟ್ಟು ಇದ್ದರೆ ಸಾಕು, ಪರದೆ ಮುಚ್ಚಿಟ್ಟದ್ದು ಹೊರಬೀಳುತ್ತದೆ. ಹುಡುಗ ಅದನ್ನು ತನ್ನ ಮೊಬೈಲಿನಲ್ಲಿ ಬರೆದುಕೊಂಡ. ಇದನ್ನು ರೈತ ಸಂಘಟನೆಗಳ ತರಬೇತಿಯಲ್ಲಿ ಕಲಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಾಟಾ ಸರಿಯಿದ್ದೂ ತೂಕ ತಪ್ಪುವುದು ನಡೆಸುವ ರೀತಿಯಿಂದ. ಚರ್ಚೆ ಬಿಸಿಯಾದದ್ದು ಇಲ್ಲೇ. "ಹೊರಗಿನ ಕಾಟಾದಾಗ ಮಾಡ್ಸಿದ್ರ ಐವತ್ತ ಅರವತ್ತ ಕೆಜಿ ಹೆಚ್ಚ ಬರ್ತೈತ್ರಿ, ಇಲ್ಲಿ ಬಂದ್ರ ಕಡಿಮಿ," ಎಂದು ಹಲವರು ಅಂದರು. ಅದರಲ್ಲಿ ಕೆಲವು ಕಾರಣ ಸಹಜವಾದವು: ದಾರಿಯಲ್ಲಿ ಸುಟ್ಟ ಡೀಸೆಲ್, ಸಾಲಿನಲ್ಲಿ ಕಾದು ಒಣಗಿದ ಕಬ್ಬು, ಎರಡು ಕಾಟಾಗಳ ತಪ್ಪು ಎರಡು ದಿಕ್ಕಿಗಿರುವುದು. ಉಳಿದವು ಸಹಜವಲ್ಲ, ತಡೆಯಬಹುದಾದವು.

ಖಾಲಿ ತೂಕವನ್ನು ಪ್ರತಿ ಖೇಪಿಗೂ ತೆಗೆಯಬೇಕು. ಹಂಗಾಮಿನ ಶುರುವಿನಲ್ಲಿ ಒಮ್ಮೆ ತೆಗೆದ ಖಾಲಿ ತೂಕವನ್ನೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಕಳೆಯುತ್ತ ಹೋದರೆ ಮಣ್ಣು, ಹಗ್ಗ, ಬದಲಾದ ಟಯರು ಎಲ್ಲವೂ ಯಾರದೋ ಲೆಕ್ಕಕ್ಕೆ ಹತ್ತುತ್ತವೆ. ತುಂಬಿದಾಗ ಚಾಲಕ ಇಳಿದು ಖಾಲಿಯಾದಾಗ ಮೇಲೆ ಕೂತರೆ ಒಬ್ಬ ಮನುಷ್ಯನ ತೂಕದಷ್ಟು ಕಬ್ಬು ಮಾಯ. ಎರಡೂ ಸಲ ಇಳಿದಿರಬೇಕು, ಇಲ್ಲವೆ ಎರಡೂ ಸಲ ಕೂತಿರಬೇಕು.

ಪರದೆಯನ್ನು ಸೊನ್ನೆಗೆ ತರುವ ಒತ್ತುಗುಂಡಿಯ ವಿಚಾರ ಇನ್ನೂ ಸೂಕ್ಷ್ಮ. ಒಟ್ಟು ಸಾಮರ್ಥ್ಯದ ಶೇ. 4ರವರೆಗೆ, ಈ ಕಾಟಾದಲ್ಲಿ 2.4 ಟನ್ನಿನವರೆಗೆ, ಆ ಗುಂಡಿಯಿಂದ ಸೊನ್ನೆ ಮಾಡಲು ಬರುತ್ತದೆ. ತುಂಬಿದ ಗಾಡಿ ತೂಗಿದ ಮೇಲೆ, ಅದು ಖಾಲಿಯಾಗಿ ಬರುವ ಹೊತ್ತಿಗೆ ಪ್ಲಾಟ್‌ಫಾರ್ಮಿನ ಮೇಲೆ 40 ಕೆಜಿ ಕೆಸರು ಕೂತಿದ್ದು ಸೊನ್ನೆ ಮಾಡದಿದ್ದರೆ, ಖಾಲಿ ತೂಕ ಅಷ್ಟು ಹೆಚ್ಚು ಬರುತ್ತದೆ, ಕಬ್ಬು ಅಷ್ಟು ಕಡಿಮೆಯಾಗುತ್ತದೆ. ಅದಕ್ಕೇ ಪ್ರತಿ ಗಾಡಿ ಏರುವ ಮುಂಚೆ ಪ್ಲಾಟ್‌ಫಾರ್ಮ್ ಗುಡಿಸಿರಬೇಕು, ಪರದೆ ಸೊನ್ನೆ ತೋರಿಸುತ್ತಿರಬೇಕು, ಆ ಸೊನ್ನೆ ಚಾಲಕನಿಗೆ ಕಾಣುವಂತೆ ಹೊರಗಡೆ ದೊಡ್ಡ ಪರದೆ ಇರಬೇಕು.

ಡಬಲ್ ಟ್ರೇಲರ್ ಪೂರ್ತಿ ಹಿಡಿಸದ ಚಿಕ್ಕ ಕಾಟಾಗಳಲ್ಲಿ ಮುಂದಿನದನ್ನು ಒಮ್ಮೆ, ಹಿಂದಿನದನ್ನು ಒಮ್ಮೆ, ಕೊಂಡಿ ಕಳಚದೆ ತೂಗಿ ಕೂಡಿಸುತ್ತಾರೆ. ಇದು ತಪ್ಪು. ಕೊಂಡಿಯ ಮೂಲಕ ಭಾರ ಅತ್ತಿತ್ತ ಹೋಗುತ್ತದೆ, ಏರುವ ದಾರಿ ಇಳಿಜಾರಾಗಿದ್ದರಂತೂ ಎಷ್ಟು ಹೋಯಿತೆಂದು ಹೇಳಲೂ ಬರುವುದಿಲ್ಲ. ಬಿಡಿಬಿಡಿಯಾಗಿ ತೂಗುವುದೇ ಆದರೆ ಕೊಂಡಿ ಕಳಚಬೇಕು.

ಚೀಟಿಯ ಬಗ್ಗೆ ಆ ದಿನ ಬಂದ ಒಮ್ಮತ ನನಗೆ ಬಹಳ ಹಿಡಿಸಿತು. ನಿವ್ವಳ ತೂಕವೊಂದೇ ಇರುವ ಚೀಟಿಯಿಂದ ಉಪಯೋಗವಿಲ್ಲ. ತುಂಬಿದ ತೂಕ ಮತ್ತು ಅದರ ಹೊತ್ತು, ಖಾಲಿ ತೂಕ ಮತ್ತು ಅದರ ಹೊತ್ತು, ಕಾಟಾದ ಸಂಖ್ಯೆ, ಕಸದ ಹೆಸರಿನಲ್ಲಿ ಏನಾದರೂ ಕಡಿತವಾಗಿದ್ದರೆ ಅದು ಬೇರೆ ಸಾಲಿನಲ್ಲಿ, ಇವಿಷ್ಟು ಅಚ್ಚಾಗಿರಬೇಕು. ಹೊತ್ತು ಇದ್ದರೆ ಸಾಲಿನಲ್ಲಿ ಎಷ್ಟು ಕಾದರು ಎಂಬುದೂ ಗೊತ್ತಾಗುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲಿನ ರೊಕ್ಕ ಸಂದಾಯ ಆಗಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಬೇಕು. ಆ ದಿನಗಳನ್ನು ಎಣಿಸಲು ಶುರು ಮಾಡುವುದೂ ಇದೇ ಚೀಟಿಯ ತಾರೀಖಿನಿಂದ.

ವರ್ಷಕ್ಕೊಮ್ಮೆ ಬೀಳುವ ಮುದ್ರೆ ಆ ದಿನದ ಸತ್ಯ ಮಾತ್ರ. ಮಾರನೆಯ ದಿನ ಸಂದಿಗೆ ಮಣ್ಣು ಇಳಿಯಬಹುದು. ಅದಕ್ಕೆ ಈ ಕಾರ್ಖಾನೆಯವರು ಒಪ್ಪಿಕೊಂಡ ಕ್ರಮ ಸರಳವಾಗಿದೆ. ಕಾಂಕ್ರೀಟ್ ದಿಮ್ಮಿ ಹೇರಿದ ಒಂದು ಹಳೆಯ ಟ್ರೇಲರನ್ನು, ಬಟ್ಟಿನ ಪರೀಕ್ಷೆ ಮುಗಿದ ಕೂಡಲೇ, ಎಲ್ಲರೆದುರು ತೂಗಿ ತೂಕವನ್ನು ಅದರ ಮೈಮೇಲೆ ಬಣ್ಣದಲ್ಲಿ ಬರೆದರು. ಮಳೆನೀರು ಕುಡಿದು ತೂಕ ಬದಲಾಗದಂತೆ ಅದು ಶೆಡ್ಡಿನ ಕೆಳಗೆ ನಿಲ್ಲಬೇಕು, ಟಯರು ಬದಲಿಸಿದರೆ ಮತ್ತೆ ಹೊಸದಾಗಿ ತೂಗಬೇಕು. ಪ್ರತಿ ಪಾಳಿಯ ಶುರುವಿಗೆ ಅದನ್ನು ಕಾಟಾದ ಎರಡೂ ತುದಿಯಲ್ಲಿ ನಿಲ್ಲಿಸಿ ಓದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು, ಪಕ್ಕದಲ್ಲಿ ಆ ಹೊತ್ತಿಗೆ ಸಾಲಿನಲ್ಲಿ ಮೊದಲಿರುವ ಗಾಡಿಯ ರೈತನ ಅಥವಾ ಚಾಲಕನ ಸಹಿ. 10 ಕೆಜಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ತೂಗುವುದು ನಿಲ್ಲಿಸಿ ಸಂದು ತೊಳೆಯುವುದು. ನಿರೀಕ್ಷಕರು ಅನಿರೀಕ್ಷಿತ ತಪಾಸಣೆಗೆ ಬಂದಾಗ ಮೊದಲು ನೋಡಬೇಕಾದದ್ದೂ ಈ ಪುಸ್ತಕವನ್ನೇ. ಓದು ದಿನದಿಂದ ದಿನಕ್ಕೆ ಒಂದೇ ಕಡೆ ಸರಿಯುತ್ತಿದ್ದರೆ ಅದು ಅಲ್ಲೇ ಕಾಣುತ್ತದೆ.

ಒಂದು ಗಂಟು ಮಾತ್ರ ಬಿಚ್ಚದೆ ಉಳಿಯಿತು. ನುರಿಸುವುದು ಜೋರಾಗಿರುವಾಗ ಲೋಡ್ ಸೆಲ್ ಸುಟ್ಟರೆ ಸೀಲು ಒಡೆದೇ ರಿಪೇರಿ ಮಾಡಬೇಕು, ಮರುಪರಿಶೀಲನೆ ಆಗುವವರೆಗೆ ಆ ಕಾಟಾ ಬಳಸುವಂತಿಲ್ಲ. ನಿಯಮ ಸರಿಯಾಗಿದೆ. ಆದರೆ ಸಾಲಿನಲ್ಲಿ ನೂರಾರು ಗಾಡಿ ನಿಂತು ಕಬ್ಬು ಒಣಗುವಾಗ, ನಿರೀಕ್ಷಕರು ಬೇರೆ ತಾಲೂಕಿನಲ್ಲಿದ್ದಾಗ, ಸೀಲಿಲ್ಲದೆ ತೂಗುವ ಒತ್ತಡ ಎಲ್ಲರ ಮೇಲೂ ಬೀಳುತ್ತದೆ, ರೈತರ ಮೇಲೂ. ಕಾರ್ಖಾನೆಗೆ ಮುದ್ರೆಯಿರುವ ಎರಡನೆಯ ಕಾಟಾ ಸಿದ್ಧವಿರಬೇಕು. ಹಂಗಾಮಿನ ತಿಂಗಳುಗಳಲ್ಲಿ ಜಿಲ್ಲೆಯಲ್ಲಿ ಬಟ್ಟು ಹೇರಿದ ಒಂದು ಲಾರಿ ಇಲಾಖೆಯ ಕೈಯಳತೆಯಲ್ಲಿರಬೇಕು, ಕರೆದ 24 ತಾಸಿನೊಳಗೆ ಬಂದು ಪರೀಕ್ಷಿಸುವ ಹೊಣೆ ಬರಹದಲ್ಲಿರಬೇಕು. ಸಂಜೆ ಸೀಸದ ಸೀಲಿನ ಮೇಲೆ ಮುದ್ರೆ ಒತ್ತುವಾಗ ರೈತರು ಕೊಟ್ಟ ಮನವಿಯಲ್ಲಿ ಇದೇ ಮೊದಲ ಬೇಡಿಕೆಯಾಗಿತ್ತು, ನಿರೀಕ್ಷಕರು ಅದಕ್ಕೆ ಸ್ವೀಕೃತಿ ಬರೆದುಕೊಟ್ಟರು.